ಕೊಳೆರೋಗ ತರೋದು ಶಿಲೀಂಧ್ರ ಅಲ್ವಂತೆ, ಹಾಗಾದ್ರೆ ಅದು ಯಾವ ಜೀವಿ?

ತೋಟದಮನೆ, ಸಾಗರ:
ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಎರಡೂವರೆ ಎಕರೆ ಅಡಿಕೆ ತೋಟ. ಹೋದ ವರ್ಷ ಆಷಾಢದಲ್ಲಿ ಮಳೆ ಬಿಡುವೇ ಕೊಡಲಿಲ್ಲ. ಬಿಸಿಲು ಬಿದ್ದ ದಿನ ಮರ ಹತ್ತಿ ಔಷಧಿ ಹೊಡೆಯೋ ಕೊನೆಗಾರ ಸಿಗಲಿಲ್ಲ, ಕೊನೆಗಾರ ಬಂದ ದಿನ ಮಳೆ. ಕಡೆಗೆ ಔಷಧಿ ಅಂಗಡಿಯೊಂದರಲ್ಲಿ "ಇದು ಒಳ್ಳೇ ಫಂಗಸ್ ಔಷಧಿ, ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಯಾಕೆ ಬೇಕು" ಅಂತ ಹೆಕ್ಸಾಕೊನಜೋಲ್ ಕೊಟ್ಟರು. ಹೊಡೆಸಿದೆವು. ಕೊಳೆ ನಿಲ್ಲಲಿಲ್ಲ. ದಿನಾ ಬೆಳಿಗ್ಗೆ ಮರದ ಬುಡದಲ್ಲಿ ಉದುರಿದ ಹಸಿಕಾಯಿ ಹೆಕ್ಕೋದೇ ಕೆಲಸ ಆಯ್ತು. ಅರ್ಧ ಬೆಳೆ ಹೋಯ್ತು.

ಈ ಸಲ ಒಂದು ತರಬೇತಿಗೆ ಹೋಗಿದ್ದೆ. ಅಲ್ಲಿ ವಿಜ್ಞಾನಿಯೊಬ್ಬರು "ಕೊಳೆರೋಗದ ಫೈಟಾಫ್ತೊರಾ ನಿಜವಾದ ಶಿಲೀಂಧ್ರ ಅಲ್ಲ" ಅಂತ ಒಂದೇ ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋದರು. ಮನೆಗೆ ಬಂದು ಮಗಳಿಗೆ ಹೇಳಿದೆ, ಅವಳು ಮೊದಲ ಪಿಯುಸಿ, ವಿಜ್ಞಾನ. "ಅಪ್ಪಾ, ನಮ್ಮ ಪುಸ್ತಕದಲ್ಲಿ ಐದೇ ಸಾಮ್ರಾಜ್ಯ ಇರೋದು. ಮೊನೆರಾ, ಪ್ರೊಟಿಸ್ಟಾ, ಶಿಲೀಂಧ್ರ, ಸಸ್ಯ, ಪ್ರಾಣಿ. ಶಿಲೀಂಧ್ರ ಅಲ್ಲ ಅಂದ್ರೆ ಇದನ್ನ ಎಲ್ಲಿಗೆ ಸೇರಿಸೋದು?" ಅಂತ ಕೇಳಿದಳು. ನನಗೆ ಉತ್ತರ ಗೊತ್ತಿಲ್ಲ.

ಎರಡು ಪ್ರಶ್ನೆ. ಅದು ಯಾವ ಗುಂಪಿನ ಜೀವಿ? ಗುಂಪು ಬೇರೆ ಆದ್ರೆ ತೋಟದಲ್ಲಿ ನನಗೆ ಏನು ವ್ಯತ್ಯಾಸ?

ಹಾಳೆಟೊಪ್ಪಿ:
ಕಾಯಿ ಮೇಲೆ ಬಿಳಿ ಬೂಸು ಬರುತ್ತೆ. ಬೂಸು ಬಂದಿದ್ದೆಲ್ಲ ಶಿಲೀಂಧ್ರವೇ. ಇದರಲ್ಲಿ ಚರ್ಚೆ ಎಂಥದು?

ಪಿಯು ಮೇಷ್ಟ್ರು, ದಾವಣಗೆರೆ:
ಹಾಳೆಟೊಪ್ಪಿಯವರೇ, ಬೂಸು ಅನ್ನೋದು ಮೇಲ್ನೋಟದ ಹೋಲಿಕೆ. ಬಾವಲಿಗೆ ರೆಕ್ಕೆ ಇದೆ ಅಂತ ಅದನ್ನ ಹಕ್ಕಿ ಅನ್ನಲ್ಲ ಅಲ್ವಾ? ಇಲ್ಲೂ ಹಾಗೇ.

ಫೈಟಾಫ್ತೊರಾ ಊಮೈಸೀಟ್ಸ್ ಅನ್ನೋ ಗುಂಪಿಗೆ ಸೇರಿದ್ದು. ಶಿಲೀಂಧ್ರದ ಥರಾನೇ ಎಳೆ ಎಳೆಯಾಗಿ ಬೆಳೆಯುತ್ತೆ, ಬೀಜಕ ಬಿಡುತ್ತೆ, ತನ್ನ ಆಹಾರ ತಾನು ಮಾಡಿಕೊಳ್ಳಲ್ಲ. ಅದಕ್ಕೇ ಬಹಳ ಕಾಲ ಎರಡನ್ನೂ ಒಂದೇ ಕಡೆ ಇಟ್ಟಿದ್ದರು. ಒಳಗೆ ನೋಡಿದರೆ ಬೇರೆ ಲೋಕ. ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಇರುತ್ತೆ, ಸೀಗಡಿ ಚಿಪ್ಪಿನಲ್ಲಿ ಇರೋ ವಸ್ತು. ಫೈಟಾಫ್ತೊರಾದ ಭಿತ್ತಿಯಲ್ಲಿ ಸೆಲ್ಯುಲೋಸ್ ಮತ್ತು ಗ್ಲೂಕಾನ್. ಇನ್ನೊಂದು ದೊಡ್ಡ ಗುರುತು: ಅದರ ಬೀಜಕ ನೀರಿನಲ್ಲಿ ಈಜುತ್ತೆ. ಎರಡು ಬಾಲ, ಒಂದು ನುಣುಪು, ಇನ್ನೊಂದಕ್ಕೆ ಸಣ್ಣ ಸಣ್ಣ ರೋಮ. ಆ ರೋಮದ ಬಾಲ ಅದರ ನೆಂಟರನ್ನ ತೋರಿಸಿಕೊಡುತ್ತೆ. ಡಯಾಟಮ್ ಅನ್ನೋ ಏಕಕೋಶ ಪಾಚಿಗಳು, ಸಮುದ್ರದ ಕಂದು ಪಾಚಿಗಳು ಅದರ ಹತ್ತಿರದ ಬಂಧುಗಳು. ಡಿಎನ್‌ಎ ನೋಡಿದಾಗಲೂ ಇದೇ ಗಟ್ಟಿಯಾಯ್ತು. ಕಾರವಾರದ ಬಂಡೆ ಮೇಲಿನ ಕಂದು ಕಡಲಪಾಚಿ ಕೊಳೆರೋಗದ ಜೀವಿಗೆ ಅಣಬೆಗಿಂತ ಹತ್ತಿರದ್ದು.

ನಿಮ್ಮ ಎರಡನೇ ಪ್ರಶ್ನೆಗೆ ಬರ್ತೀನಿ. ಹೆಕ್ಸಾಕೊನಜೋಲ್ ಥರದ ಔಷಧಿಗಳು ಶಿಲೀಂಧ್ರ ತನ್ನ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಿಸೋದನ್ನ ತಡೆಯುತ್ತವೆ. ಫೈಟಾಫ್ತೊರಾ ಆ ತಯಾರಿಕೆಯನ್ನೇ ಮಾಡಲ್ಲ, ಬೇಕಾದ ಸ್ಟೆರಾಲನ್ನ ಗಿಡದಿಂದಲೇ ಎತ್ತಿಕೊಳ್ಳುತ್ತೆ. ಇಲ್ಲದ ಅಡುಗೆಮನೆಗೆ ಬೀಗ ಹಾಕಿದ ಹಾಗಾಯ್ತು. ನಿಮ್ಮ ಔಷಧಿ ನಕಲಿ ಇರಬೇಕಿಲ್ಲ ಸಾರ್, ಹೊಡೆದಿದ್ದು ಬೇರೆ ಸಾಮ್ರಾಜ್ಯದ ಜೀವಿಗೆ.

ತೋಟದಮನೆ, ಸಾಗರ:
ಮೇಷ್ಟ್ರೇ, ಇಷ್ಟು ದಿನ ಆ ಅಂಗಡಿಯವರು ಹಳೇ ಸ್ಟಾಕ್ ಕೊಟ್ಟರು ಅಂತಲೇ ಅಂದುಕೊಂಡಿದ್ದೆ. ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ.

ದ್ರಾಕ್ಷಿ ಪಡ, ವಿಜಯಪುರ:
ಅಣ್ಣಾರ, ಇದು ನಮ್ಮ ದ್ರಾಕ್ಷಿ ಪಡದಾಗ ದಿನಾ ನೋಡೂ ಮಾತು ಐತ್ರಿ. ನಮ್ಮಲ್ಲಿ ದವಣಿ ಅಂತ ಒಂದು ರೋಗ, ಬೂದಿ ಅಂತ ಇನ್ನೊಂದು. ಎರಡೂ ಎಲಿ ಮ್ಯಾಲ ಬೆಳ್ಳಗ ಕಾಣತಾವ. ದವಣಿ ಎಲಿ ಕೆಳಗ ಹತ್ತಿ ಇಟ್ಟಂಗ, ಬೂದಿ ಎಲಿ ಮ್ಯಾಲ ಹಿಟ್ಟು ಉದುರಿಸಿದಂಗ. ಗಂಧಕ ಹೊಡದ್ರ ಬೂದಿ ನಿಲ್ಲತೈತಿ, ದವಣಿಗೆ ಏನೂ ಆಗೂದಿಲ್ರಿ. ನಮ್ಮಪ್ಪ ಓದಿದಾವ ಅಲ್ಲ, ಆದ್ರ "ಎರಡಕ್ಕೂ ಒಂದ ಡಬ್ಬಿ ನಡಿಯೂದಿಲ್ಲ" ಅಂತ ಸಣ್ಣಂದಿನಿಂದ ಹೇಳಿಕೊಟ್ಟಾರ. ದವಣಿನೂ ನಿಮ್ಮ ಕೊಳೆಯ ತಮ್ಮ ಇರಬೇಕಲ್ರಿ ಮೇಷ್ಟ್ರ?

ಪಿಯು ಮೇಷ್ಟ್ರು, ದಾವಣಗೆರೆ:
ಹೌದ್ರಿ, ಸರಿಯಾಗಿ ಹಿಡಿದಿರಿ. ದವಣಿ ತರೋದು ಪ್ಲಾಸ್ಮೊಪಾರಾ, ಅದೂ ಊಮೈಸೀಟ್. ಬೂದಿ ರೋಗದ್ದು ನಿಜವಾದ ಶಿಲೀಂಧ್ರ. ಅಂದಹಾಗೆ ಬೋರ್ಡೋ ದ್ರಾವಣ ಹುಟ್ಟಿದ್ದೇ ದವಣಿಗಾಗಿ. ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ಮಿಲಾರ್ಡೆ ಅನ್ನೋ ಸಸ್ಯವಿಜ್ಞಾನಿ 1885ರಲ್ಲಿ ಪ್ರಕಟಿಸಿದ್ದು.

ಹೆಗಡೆ ಅಜ್ಜ, ಶಿರಸಿ:
ತಮ್ಮಾ, ನಾನು ಅರವತ್ತು ವರ್ಷದಿಂದ ತೋಟ ಮಾಡ್ತಾ ಇದ್ದೇನೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯೋ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ದ್ರಾವಣಕ್ಕೆ ಕತ್ತಿ ಅದ್ದಿ ನೋಡೋದು, ಕೆಂಪಡರಿದರೆ ಸುಣ್ಣ ಸಾಲದು ಅಂತ ಅರ್ಥ. ಅದಕ್ಕೂ ಮೊದಲಿನ ಕಾಲದಲ್ಲಿ ನಮ್ಮ ಅಪ್ಪಯ್ಯ ಅಡಿಕೆ ಗೊನೆಗೆ ಕೊಟ್ಟೆ ಅಂತ ಹೊದಿಕೆ ಕಟ್ಟಿಸುತ್ತಿದ್ದರು, ನೀರು ಒಳಗೆ ಇಳಿಯದ ಹಾಗೆ. ಯಾವ ಸಾಮ್ರಾಜ್ಯ ಅಂತ ಯಾರೂ ಕೇಳಲಿಲ್ಲ, ಅಡಿಕೆ ಉಳೀತು. ಈ ವರ್ಗೀಕರಣ ಎಲ್ಲ ಪರೀಕ್ಷೆಗೆ ಬೇಕಾದ್ದು. ತೋಟಕ್ಕೆ ಬೇಕಾದ್ದು ಹೊತ್ತಿಗೆ ಸರಿಯಾದ ಸಿಂಪಡಣೆ.

ಸೂಕ್ಷ್ಮದರ್ಶಕಿ, ಮೈಸೂರು:
ಅಜ್ಜಾ, ನಿಮ್ಮ ಅನುಭವಕ್ಕೆ ಕೈ ಮುಗೀತೀನಿ, ಆದರೆ ಒಂದು ಮಾತು ಒಪ್ಪಲ್ಲ. ಅಡಿಕೆಗೆ ಬೋರ್ಡೋ ಹೊಡೀಬೇಕು ಅನ್ನೋದು ತೋಟಕ್ಕೆ ತಾನಾಗಿ ಬಂದಿದ್ದಲ್ಲ. ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು, ಮುಂದೆ ಕೃಷಿ ಇಲಾಖೆಯ ನಿರ್ದೇಶಕರೂ ಆದರು. ಅವರು ಮಲೆನಾಡಿನ ಕೊಳೆರೋಗ ಅಭ್ಯಾಸ ಮಾಡಿ, ಇದಕ್ಕೆ ಕಾರಣ ಫೈಟಾಫ್ತೊರಾ ಅಂತ 1910ರಲ್ಲಿ ಬರೆದರು. ಇದು ಯಾವ ಜೀವಿ, ಮಳೆಯಲ್ಲಿ ಹೇಗೆ ಹರಡುತ್ತೆ ಅಂತ ಗೊತ್ತಾದ ಮೇಲೇ ಮಳೆಗೆ ಮೊದಲು ತಾಮ್ರ (ಮೈಲುತುತ್ತದಲ್ಲಿರೋದು ಅದೇ) ಹೊಡೆಯೋ ಪದ್ಧತಿ ಗಟ್ಟಿಯಾಗಿದ್ದು.

ಇನ್ನೊಂದು ವಿಷಯ. ನಿಮಗೆ ವರ್ಗೀಕರಣ ಬೇಡ ಅನ್ನಿಸೋಕೆ ಕಾರಣ ತಾಮ್ರ. ತಾಮ್ರ ಯಾರ ಮನೆ ಅಂತ ನೋಡಲ್ಲ. ಕಾಯಿ ಮೇಲೆ ಪದರ ಕಟ್ಟುತ್ತೆ, ಅಲ್ಲಿ ಮೊಳೆಯೋಕೆ ಬಂದ ಬೀಜಕ ಶಿಲೀಂಧ್ರದ್ದಿರಲಿ ಊಮೈಸೀಟ್‌ದಿರಲಿ ಸಾಯುತ್ತೆ. ಈಗಿನ ಔಷಧಿಗಳು ಹಾಗಲ್ಲ, ಒಂದೊಂದು ಜೀವಿಯ ಒಂದೊಂದು ಕೆಲಸಕ್ಕೆ ಕೈ ಹಾಕುತ್ತವೆ. ಮೆಟಲಾಕ್ಸಿಲ್ ಊಮೈಸೀಟ್‌ಗಳ ಮೇಲೆ ಕೆಲಸ ಮಾಡುತ್ತೆ, ನಿಜವಾದ ಶಿಲೀಂಧ್ರಕ್ಕೆ ಅದು ನೀರಿದ್ದ ಹಾಗೆ. ಹೆಕ್ಸಾಕೊನಜೋಲ್ ತದ್ವಿರುದ್ಧ. ಅಂಗಡಿಯಲ್ಲಿ ಎರಡಕ್ಕೂ "ಫಂಗಸ್ ಔಷಧಿ" ಅಂತ ಒಂದೇ ಹೆಸರು. ಸಾಗರದ ಅಣ್ಣನಿಗೆ ನಷ್ಟ ಆಗಿದ್ದು ಈ ಒಂದು ಪದದಿಂದ.

ಹೆಗಡೆ ಅಜ್ಜ, ಶಿರಸಿ:
ತಾಮ್ರದ ಮಾತು ಒಪ್ಪಿದೆ ಮಗಾ. ಕೋಲ್ಮನ್ ಹೆಸರು ನಮ್ಮ ಅಪ್ಪಯ್ಯನ ಬಾಯಲ್ಲಿ ಕೇಳಿದ್ದೆ, ಸಾಹೇಬರು ರಾಳ ಸೇರಿಸಿ ಹೊಡೀರಿ ಅಂದಿದ್ದರು ಅಂತ.

ಕಾಫಿ ಕಣ, ಮಡಿಕೇರಿ:
ಕೊಳೆರೋಗ ಅಂದ ಕೂಡಲೇ ಎಲ್ಲರೂ ಅಡಿಕೆ ಅಂತೀರಿ. ನಮ್ಮ ಕಾಫಿಗೂ ಕೊಳೆರೋಗ ಇದೆ. ಮಳೆಗಾಲದಲ್ಲಿ ಎಲೆ ಕಪ್ಪಾಗಿ ಕೊಳೆತು, ಉದುರದೆ ಒಂದು ಎಳೆಯಲ್ಲಿ ನೇತಾಡುತ್ತೆ. ಅದನ್ನ ತರೋದು ನಿಜವಾದ ಶಿಲೀಂಧ್ರ, ಅಣಬೆಗಳ ದೊಡ್ಡ ಗುಂಪಿಗೇ ಸೇರಿದ್ದು. ಅಂದರೆ ಕನ್ನಡದಲ್ಲಿ ಒಂದೇ ಹೆಸರು, ಜೀವಿ ಎರಡು ಬೇರೆ ಸಾಮ್ರಾಜ್ಯದವು.

ನನಗೆ ಹೆಮ್ಮೆ ಅನ್ನಿಸೋ ವಿಷಯ ಬೇರೆ ಇದೆ. ಆ ಕಾಫಿ ಶಿಲೀಂಧ್ರಕ್ಕೆ ವಿಜ್ಞಾನಿಗಳು ಕೊಟ್ಟ ಲ್ಯಾಟಿನ್ ಹೆಸರು ಕೊಳೆರೋಗ ನಾಕ್ಸಿಯಾ. ನಮ್ಮ ಪದವೇ ಜಾತಿಯ ಹೆಸರಾಗಿ ನಿಂತಿತು. ಈಗ ಅದನ್ನ ಬೇರೆ ಜಾತಿಗೆ ಸೇರಿಸಿದ್ದಾರೆ, ಆದರೂ ಹಳೇ ಪುಸ್ತಕಗಳಲ್ಲಿ ಹಾಗೇ ಇದೆ.

ಕಪ್ಪೆ ಗೂಡು, ಹೊನ್ನಾವರ:
ಕನ್ನಡ ಹೆಸರಿನ ಮಾತು ಬಂತಲ್ಲ, ಇದನ್ನೂ ಸೇರಿಸಿಕೊಳ್ಳಿ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಒಂದು ಕಪ್ಪೆ ಇದೆ, ಮುಂಗಾಲಲ್ಲಿ ಕೆಸರು ತಂದು ತನ್ನ ಮೊಟ್ಟೆಗೆ ಮೆತ್ತುತ್ತೆ. 2014ರಲ್ಲಿ ಅದಕ್ಕೆ ನಿಕ್ಟಿಬಟ್ರಾಕಸ್ ಕುಂಬಾರ ಅಂತ ಹೆಸರಿಟ್ಟರು. ಜೀವಿಗಳಿಗೆ ಲ್ಯಾಟಿನ್ ಜೋಡಿ ಹೆಸರಿಡೋ ಪದ್ಧತಿ ತಂದ ಲಿನೇಯಸ್ 1753ರಲ್ಲಿ ಅಡಿಕೆಗೆ ಕೊಟ್ಟ ಅರೆಕಾ ಅನ್ನೋ ಹೆಸರೂ ನಮ್ಮ ಕಡೆಯ ಅಡಕೆ, ಅಡಕ್ಕ ಅನ್ನೋ ಪದ ಪೋರ್ಚುಗೀಸರ ಬಾಯಲ್ಲಿ ಹೊರಳಿ ಹೋಗಿದ್ದೇ.

ಪದಪ್ರೇಮಿ:
ಒಂದು ತಕರಾರು. ಮೇಲೆ ಕಾಫಿ ಕಣದವರು "ಜಾತಿಯ ಹೆಸರು" ಅಂದರು. ನಮ್ಮ ಶಾಲೆ ಪುಸ್ತಕದಲ್ಲೂ ಜೀನಸ್‌ಗೆ ಜಾತಿ, ಸ್ಪೀಶೀಸ್‌ಗೆ ಪ್ರಭೇದ ಅಂತ ಇದೆ. ಆದರೆ ದಿನದ ಮಾತಿನಲ್ಲಿ "ಇದು ಯಾವ ಜಾತಿ ಮಾವು" ಅಂದರೆ ತಳಿ ಅಂತ ಅರ್ಥ. ಮಕ್ಕಳಿಗೆ ಗೊಂದಲ ಆಗಲ್ವಾ? ಕುಲ ಅಂತ ಮಾಡಬಹುದಿತ್ತು.

ಪಿಯು ಮೇಷ್ಟ್ರು, ದಾವಣಗೆರೆ:
ಗೊಂದಲ ಆಗುತ್ತೆ, ಪ್ರತಿ ವರ್ಷ ನೋಡ್ತೀನಿ. ನಾನು ಪಾಠದಲ್ಲಿ ಮಾವನ್ನೇ ಇಟ್ಟುಕೊಳ್ತೀನಿ. ಮ್ಯಾಂಜಿಫೆರಾ ಅನ್ನೋದು ಜಾತಿ, ಇಂಡಿಕಾ ಸೇರಿದರೆ ಪ್ರಭೇದ. ಬಾದಾಮಿ, ರಸಪುರಿ, ಮಲ್ಲಿಕಾ ಎಲ್ಲ ಆ ಒಂದೇ ಪ್ರಭೇದದ ತಳಿಗಳು. ಕುಲ ಅಂದರೂ ಊರಲ್ಲಿ ಇನ್ನೊಂದು ಅರ್ಥ ಇದ್ದೇ ಇದೆಯಲ್ಲ.

ಹಾಳೆಟೊಪ್ಪಿ:
ಸರಿ, ಫೈಟಾಫ್ತೊರಾ ಬಿಟ್ಟೆ. ಆದರೆ ಪುಸ್ತಕದಲ್ಲಿ ಯಾಕೆ ತಪ್ಪು ಬರೀತಾರೆ? ನನ್ನ ತಂಗಿ ಮಗನ ಪುಸ್ತಕ ತೆಗೆಸಿ ನೋಡಿದೆ. ಶಿಲೀಂಧ್ರ ಅಧ್ಯಾಯದಲ್ಲೇ ಸಾಸಿವೆ ಗಿಡಕ್ಕೆ ರೋಗ ತರೋ ಅಲ್ಬುಗೊ ಅಂತ ಕೊಟ್ಟಿದ್ದಾರೆ. ಗೂಗಲ್ ಮಾಡಿದರೆ ಅದೂ ಊಮೈಸೀಟ್ ಅಂತ ಬರುತ್ತೆ!

ಪಿಯು ಮೇಷ್ಟ್ರು, ದಾವಣಗೆರೆ:
ಹುಡುಕಿ ನೋಡಿದ್ದಕ್ಕೆ ಖುಷಿಯಾಯ್ತು. ಅದು ತಪ್ಪು ಅನ್ನೋದಕ್ಕಿಂತ ಹಳೇ ಪದ್ಧತಿ ಅನ್ನಿ. ಲಿನೇಯಸ್ ಕಾಲದಲ್ಲಿ ಸಸ್ಯ, ಪ್ರಾಣಿ, ಎರಡೇ ಸಾಮ್ರಾಜ್ಯ. ಅಣಬೆ, ಬೂಸು, ಪಾಚಿ ಎಲ್ಲ ಓಡಾಡಲ್ಲ ಅನ್ನೋ ಕಾರಣಕ್ಕೆ ಸಸ್ಯದಲ್ಲೇ ಇದ್ದವು. 1866ರಲ್ಲಿ ಹೆಕೆಲ್ ಅನ್ನೋ ವಿಜ್ಞಾನಿ ಪ್ರೊಟಿಸ್ಟಾ ಅಂತ ಮೂರನೇದು ತಂದ. 1969ರಲ್ಲಿ ವಿಟೇಕರ್ ಐದು ಸಾಮ್ರಾಜ್ಯ ಮಾಡಿ ಶಿಲೀಂಧ್ರಕ್ಕೆ ಸ್ವಂತ ಮನೆ ಕೊಟ್ಟ, ಆದರೆ ಊಮೈಸೀಟ್‌ಗಳನ್ನೂ ಅದೇ ಮನೆಯಲ್ಲಿ ಇಟ್ಟ. ಅವನ ಲೆಕ್ಕದಲ್ಲಿ ಮುಖ್ಯವಾದದ್ದು ಆಹಾರ ಹೇಗೆ ಪಡೆಯುತ್ತೆ ಅನ್ನೋದು. ಹೊರಗೆ ಕಿಣ್ವ ಬಿಟ್ಟು, ಕರಗಿಸಿ, ಹೀರೋದು. ಆ ಲೆಕ್ಕದಲ್ಲಿ ಎರಡೂ ಒಂದೇ.

1977ರಲ್ಲಿ ವೋಸ್ ಮತ್ತು ಫಾಕ್ಸ್ ಅನ್ನೋ ವಿಜ್ಞಾನಿಗಳು ಕೋಶದಲ್ಲಿ ಪ್ರೊಟೀನ್ ತಯಾರಿಸೋ ರೈಬೋಸೋಮಿನ ಆರ್‌ಎನ್‌ಎ ಹೋಲಿಸಿ ನೋಡಿದಾಗ ಪ್ರಶ್ನೆಯೇ ಬದಲಾಯ್ತು. ಹೇಗೆ ಕಾಣುತ್ತೆ, ಹೇಗೆ ತಿನ್ನುತ್ತೆ ಅನ್ನೋದರ ಬದಲು ಯಾರಿಂದ ಬಂತು ಅಂತ ಕೇಳೋಕೆ ಶುರು ಮಾಡಿದರು. ಬ್ಯಾಕ್ಟೀರಿಯಾ ಅಂದುಕೊಂಡಿದ್ದರಲ್ಲೇ ಆರ್ಕಿಯಾ ಅನ್ನೋ ಬೇರೆ ವಂಶ ಸಿಕ್ಕಿತು. 1990ರ ಹೊತ್ತಿಗೆ ಸಾಮ್ರಾಜ್ಯದ ಮೇಲೆ ಡೊಮೇನ್ ಅನ್ನೋ ಇನ್ನೂ ದೊಡ್ಡ ಗುಂಪು ಮೂರು ಬಂದವು. ನಮ್ಮ ಪುಸ್ತಕ ಇನ್ನೂ ವಿಟೇಕರ್ ಹತ್ತಿರ ನಿಂತಿದೆ. ಮಗಳು ಪರೀಕ್ಷೆಯಲ್ಲಿ ಪುಸ್ತಕದ ಉತ್ತರ ಬರೀಲಿ, ಅಂಕ ಹೋಗೋದು ಬೇಡ.

ಸೂಕ್ಷ್ಮದರ್ಶಕಿ, ಮೈಸೂರು:
ಮೇಷ್ಟ್ರೇ, ಕೊನೇ ಸಾಲು ಬೇಜಾರಾಯ್ತು. ಗೊತ್ತಿದ್ದೂ ಹಳೇದನ್ನೇ ಬರಿ ಅಂತ ಹೇಳಿಕೊಡಬೇಕಾ?

ಪಿಯು ಮೇಷ್ಟ್ರು, ದಾವಣಗೆರೆ:
ತಾಯೀ, ಮೌಲ್ಯಮಾಪಕರ ಕೈಯಲ್ಲಿ ಉತ್ತರಸೂಚಿ ಇರುತ್ತೆ, ಹದಿನಾರು ವರ್ಷದ ಹುಡುಗಿ ಅದರ ಜೊತೆ ಜಗಳ ಆಡೋದು ಬೇಡ. ಪುಸ್ತಕದ ಉತ್ತರ ಬರೆದು ಕೆಳಗೆ ಒಂದು ಸಾಲು "ಈಗ ಇದನ್ನು ಶಿಲೀಂಧ್ರದಿಂದ ಬೇರೆಯಾಗಿ ಇಡುತ್ತಾರೆ" ಅಂತ ಸೇರಿಸಿದರೆ ನಾನಂತೂ ಸಂತೋಷ ಪಡ್ತೀನಿ.

ಕಡಲ ಕರೆ, ಉಡುಪಿ:
ಹಾಗಾದ್ರೆ ಅಣಬೆ ಸಸ್ಯ ಅಲ್ಲವಾ ಮಾರಾಯ್ರೆ? ನಮ್ಮ ಅತ್ತೆ ಅಣಬೆ ಮುಟ್ಟುವುದಿಲ್ಲ, ಅದು ಮಾಂಸಕ್ಕೆ ಸಮ ಅಂತ ಹೇಳುತ್ತಾರೆ. ನಾನು ಇಷ್ಟು ವರ್ಷ ಅವರ ಹತ್ತಿರ ವಾದ ಮಾಡಿದ್ದುಂಟು.

ಕಾಫಿ ಕಣ, ಮಡಿಕೇರಿ:
ಅಕ್ಕಾ, ತಿನ್ನೋದು ಬಿಡೋದು ಅವರವರ ಮನೆ ಆಚಾರ, ಅದಕ್ಕೆ ವಿಜ್ಞಾನ ತೀರ್ಪು ಕೊಡಲ್ಲ. ಆದರೆ ವಂಶದ ಮಾತಿಗೆ ಬಂದರೆ ಅಣಬೆ ಸೊಪ್ಪಿಗಿಂತ ನಮಗೇ ಹತ್ತಿರ. ಸಸ್ಯ ಪಿಷ್ಟ ಕೂಡಿಡುತ್ತೆ, ಅಣಬೆ ಗ್ಲೈಕೊಜೆನ್ ಕೂಡಿಡುತ್ತೆ, ನಮ್ಮ ಯಕೃತ್ತಿನಲ್ಲಿರೋದೂ ಅದೇ. ನಮ್ಮ ಕಡೆ ಅಣಬೆಗೆ ಕುಮ್ಮು ಅಂತಾರೆ. ಮೊದಲ ಮಳೆಗೆ ಹುತ್ತದ ಮೇಲೆ ಏಳುವ ಕುಮ್ಮಿನ ರುಚಿ ಬೇರೆ ಯಾವುದಕ್ಕೂ ಇಲ್ಲ. ಅದನ್ನ ಹುತ್ತದೊಳಗೆ ಸಾಕೋದು ಗೆದ್ದಲು, ಅಗಿದ ಸೌದೆ ಮೇಲೆ ಬೆಳೆಸುತ್ತೆ. ಗೆದ್ದಲಿಗೆ ಬಿಳಿ ಇರುವೆ ಅಂತಾರಲ್ಲ, ಅದು ಇರುವೆ ಅಲ್ಲವೇ ಅಲ್ಲ. ಈಗ ಅದನ್ನ ಜಿರಳೆಗಳ ಗಣಕ್ಕೇ ಸೇರಿಸಿದ್ದಾರೆ.

ದ್ರಾಕ್ಷಿ ಪಡ, ವಿಜಯಪುರ:
ಮಸಾಲಿಗೆ ಹಾಕೂ ಕಲ್ಲುಹೂವು ಯಾವುದರಾಗ ಬರತೈತಿ? ನಮ್ಮವ್ವ ಅದು ಇಲ್ದ ಮಸಾಲಿ ಖಾರ ಕುಟ್ಟೂದ ಇಲ್ಲ.

ಸೂಕ್ಷ್ಮದರ್ಶಕಿ, ಮೈಸೂರು:
ಕಲ್ಲುಹೂವು ಹೂವೂ ಅಲ್ಲ, ಒಂದೇ ಜೀವಿಯೂ ಅಲ್ಲ ಅಣ್ಣಾ. ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳೋ ಸಂಸಾರ. ಪಾಚಿ ಅಡುಗೆ ಮಾಡುತ್ತೆ, ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡುತ್ತೆ. ಹೆಸರು ಮಾತ್ರ ಶಿಲೀಂಧ್ರದ್ದೇ ಇಡ್ತಾರೆ.

ಆಶಾ, ಸೊರಬ:
ನಾನು ಊರಲ್ಲಿ ಆರೋಗ್ಯದ ಕೆಲಸ ಮಾಡೋಳು. ಇಲ್ಲಿ ಮಂಗನ ಕಾಯಿಲೆ ಅಂದರೆ ಎಲ್ಲರಿಗೂ ಭಯ. 1957ರಲ್ಲಿ ಮೊದಲು ಗುರುತಿಸಿದ್ದೇ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿ ಬರೋದು, ಅದರೊಳಗಿರೋದು ವೈರಸ್. ಮನೆ ಮನೆಗೆ ಹೋದಾಗ "ಕೀಟನಾಶಕ ಹೊಡೆದರೆ ಸಾಲದಾ", "ಜ್ವರಕ್ಕೆ ಆಂಟಿಬಯೋಟಿಕ್ ಕೊಡಿ" ಅಂತ ಕೇಳ್ತಾರೆ. ಉಣುಗು ಕೀಟ ಅಲ್ಲ, ಜೇಡ ಚೇಳಿನ ಬಳಗ, ಬೆಳೆದ ಮೇಲೆ ಎಂಟು ಕಾಲು. ವೈರಸ್ ಬ್ಯಾಕ್ಟೀರಿಯಾ ಅಲ್ಲ, ಆಂಟಿಬಯೋಟಿಕ್ ಅದಕ್ಕೆ ನಾಟಲ್ಲ. ಯಾವುದು ಯಾವ ಗುಂಪು ಅನ್ನೋದು ಇಲ್ಲಿ ಪ್ರಾಣದ ಪ್ರಶ್ನೆ ಆಗುತ್ತೆ.

ಒಬ್ಬ ಹುಡುಗ ನನ್ನನ್ನೇ ಕೇಳಿದ, "ಅಕ್ಕಾ, ವೈರಸ್‌ಗೆ ಜೀವ ಇದೆಯಾ?" ಅಂತ. ಏನು ಹೇಳಬೇಕಿತ್ತು?

ಪಿಯು ಮೇಷ್ಟ್ರು, ದಾವಣಗೆರೆ:
ಅಮ್ಮಾ, ಇದಕ್ಕೆ ದೊಡ್ಡ ದೊಡ್ಡವರೂ ಜಗಳ ಆಡಿದ್ದಾರೆ. 1935ರಲ್ಲಿ ಸ್ಟ್ಯಾನ್ಲಿ ಅನ್ನೋ ವಿಜ್ಞಾನಿ ಹೊಗೆಸೊಪ್ಪಿನ ಗಿಡಕ್ಕೆ ರೋಗ ತರೋ ವೈರಸ್ಸನ್ನ ಉಪ್ಪಿನ ಹಾಗೆ ಹರಳು ಮಾಡಿ ತೋರಿಸಿದ. ಆ ಹರಳನ್ನ ಕರಗಿಸಿ ಎಲೆಗೆ ಹಚ್ಚಿದರೆ ಮತ್ತೆ ರೋಗ. ಅದಕ್ಕೆ ಕೋಶ ಇಲ್ಲ, ಉಸಿರಾಟ ಇಲ್ಲ, ಚಯಾಪಚಯ (ಕೋಶದೊಳಗೆ ನಡೆಯೋ ರಾಸಾಯನಿಕ ಕೆಲಸ) ಇಲ್ಲ. ಬೇರೆಯವರ ಕೋಶದೊಳಗೆ ಹೊಕ್ಕಾಗ ಮಾತ್ರ ತನ್ನ ಪ್ರತಿ ಮಾಡಿಸಿಕೊಳ್ಳುತ್ತೆ. ಅದಕ್ಕೇ ವಿಟೇಕರ್ ಐದು ಸಾಮ್ರಾಜ್ಯದಲ್ಲಿ ವೈರಸ್‌ಗೆ ಜಾಗ ಕೊಡಲಿಲ್ಲ.

ಹಾಳೆಟೊಪ್ಪಿ:
ಪ್ರತಿ ಮಾಡಿಕೊಳ್ಳುತ್ತೆ ಅಂದಮೇಲೆ ಜೀವ ಇದೆ ಅಂತಲೇ ಅಲ್ವಾ. ಸಂತಾನ ಆಗೋದೇ ಜೀವಿಯ ಲಕ್ಷಣ ಅಂತ ನಾವು ಏಳನೇ ಕ್ಲಾಸಲ್ಲಿ ಓದಿದ್ದು.

ಪಿಯು ಮೇಷ್ಟ್ರು, ದಾವಣಗೆರೆ:
ಹಾಗಾದರೆ ಹೇಸರಗತ್ತೆಗೆ ಜೀವ ಇಲ್ಲ ಅಂತೀರಾ? ಅದಕ್ಕೆ ಮರಿ ಆಗಲ್ಲ. ಜೇನಿನ ಕೆಲಸಗಾರ ನೊಣಗಳೂ ಸಾಮಾನ್ಯವಾಗಿ ಸಂತಾನ ಮಾಡಲ್ಲ. ಬೆಳವಣಿಗೆ ಅಂದರೆ ಮರಳು ದಿಬ್ಬವೂ ಬೆಳೆಯುತ್ತೆ, ಹೊರಗಿನಿಂದ ಬಂದು ಅಂಟಿಕೊಂಡು. ಜೀವಿ ಬೆಳೆಯೋದು ಒಳಗಿನಿಂದ. ಒಂದೊಂದು ಲಕ್ಷಣ ಬಿಡಿಯಾಗಿ ಹಿಡಿದರೆ ಜಾರುತ್ತೆ. ಕೋಶ, ಅದರೊಳಗೆ ನಡೆಯೋ ಚಯಾಪಚಯ, ಸುತ್ತಲಿನದಕ್ಕೆ ಸ್ಪಂದಿಸೋದು, ಇವು ಎಲ್ಲ ಜೀವಿಯಲ್ಲೂ ಸಿಗುತ್ತವೆ. ನಾನು ಪಾಠ ಕಟ್ಟೋದು ಇವುಗಳ ಮೇಲೆ.

ಹೆಗಡೆ ಅಜ್ಜ, ಶಿರಸಿ:
ಹಗೇವಿನೊಳಗೆ ಇಟ್ಟ ರಾಗಿಗೆ? ವರ್ಷಗಟ್ಟಲೆ ಅಲ್ಲಾಡಲ್ಲ, ಕಲ್ಲಿನ ಹಾಗೆ ಇರುತ್ತೆ. ಆಮೇಲೆ ಹೊಲಕ್ಕೆ ಚೆಲ್ಲಿದರೆ ಮೊಳೆಯುತ್ತೆ.

ಸೂಕ್ಷ್ಮದರ್ಶಕಿ, ಮೈಸೂರು:
ಎಂಥ ಒಳ್ಳೇ ಪ್ರಶ್ನೆ ಅಜ್ಜಾ! ಜೀವ ಇದೆ, ಬಹಳ ನಿಧಾನಕ್ಕೆ ನಡೀತಾ ಇರುತ್ತೆ ಅಷ್ಟೇ. ಇಸ್ರೇಲಿನಲ್ಲಿ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜ 2005ರಲ್ಲಿ ಮೊಳೆತು ಮರವೇ ಆಯ್ತು. ಆದರೆ ಅದೇ ಬೀಜವನ್ನ ಹುರಿದರೆ ಮುಗೀತು, ನೋಡೋಕೆ ಹಾಗೇ ಇದ್ದರೂ.

ತೋಟದಮನೆ, ಸಾಗರ:
ಮಗಳು ಇದನ್ನೆಲ್ಲ ಕೂತು ಓದಿದಳು. ಅವಳಿಗೆ ಆ ಈಜೋ ಬೀಜಕ ನೋಡಬೇಕಂತೆ. ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಕಾಣುತ್ತಾ ಮೇಷ್ಟ್ರೇ?

ಪಿಯು ಮೇಷ್ಟ್ರು, ದಾವಣಗೆರೆ:
ಕಾಣುತ್ತೆ. ಹೊಸದಾಗಿ ಕೊಳೆ ಹಿಡಿದ ಕಾಯಿ ತರಲಿ, ಬಿಳಿ ಬೂಸು ಇರಬೇಕು, ಪೂರ್ತಿ ಕೊಳೆತದ್ದು ಬೇಡ. ಬೂಸು ಇರೋ ಜಾಗದ ತೆಳು ತುಂಡು ಒಂದು ಬಟ್ಟಲು ಮಳೆನೀರಿಗೆ ಹಾಕಿ, ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಅರ್ಧ ಗಂಟೆ ಇಡಿ. ಫ್ರೀಜರ್ ಬೇಡ. ಹೊರಗೆ ತೆಗೆದು ಮತ್ತೆ ಅರ್ಧ ಗಂಟೆ ಬಿಡಿ. ತಣ್ಣಗಾಗಿ ಬೆಚ್ಚಗಾದಾಗ ನಿಂಬೆಹಣ್ಣಿನ ಆಕಾರದ ಚೀಲ ಒಡೆದು ಬೀಜಕ ಹೊರಗೆ ಬರುತ್ತವೆ. ಒಂದು ಹನಿ ಗಾಜಿನ ಮೇಲೆ, 40 ಪಟ್ಟು ದೊಡ್ಡದಾಗಿ ತೋರಿಸೋ ಮಸೂರ ಸಾಕು. ನಲ್ಲಿ ನೀರು ಬೇಡ, ಕ್ಲೋರಿನ್ ಇದ್ದರೆ ಸಾಯುತ್ತವೆ.

ತೋಟದಮನೆ, ಸಾಗರ:
ಮೂರು ದಿನ ಆದಮೇಲೆ ಬರೀತಾ ಇದ್ದೇನೆ. ಮೊದಲ ಎರಡು ಹನಿಯಲ್ಲಿ ಏನೂ ಕಾಣಲಿಲ್ಲವಂತೆ. ಮೂರನೆಯದರಲ್ಲಿ ಕಂಡಿತು. ಸಣ್ಣ ಸಣ್ಣ ಚುಕ್ಕೆಗಳು ಸುತ್ತುತ್ತಾ ಓಡಾಡ್ತಾ ಇದ್ದವಂತೆ, ಕೆಲವು ನಿಂತು ದುಂಡಗಾದವಂತೆ. ಅವಳ ಜೀವಶಾಸ್ತ್ರದ ಮೇಡಂ ಇಡೀ ತರಗತಿಗೆ ಸಾಲು ನಿಲ್ಲಿಸಿ ತೋರಿಸಿದರಂತೆ. ಸಂಜೆ ಮನೆಗೆ ಬಂದವಳೇ ಬ್ಯಾಗ್ ಇಡದೆ "ಅಪ್ಪಾ, ಮಳೆ ನೀರು ಗೊನೆ ಮೇಲೆ ಹರಿದಾಗ ಇವು ಒಂದು ಕಾಯಿಂದ ಇನ್ನೊಂದಕ್ಕೆ ಈಜಿಕೊಂಡೇ ಹೋಗ್ತವೆ, ಹೆಗಡೆ ಅಜ್ಜನ ಅಪ್ಪಯ್ಯ ಕೊಟ್ಟೆ ಕಟ್ಟಿಸ್ತಿದ್ದದ್ದು ಇದಕ್ಕೇ" ಅಂದಳು.

ಮೊದಲ ಸಿಂಪಡಣೆ ಬೋರ್ಡೋ ಈಗಾಗಲೇ ಆಗಿದೆ. ಮಗಳು ತೆಗೆದ ಕಾಯಿ ಬೇಲಿ ಬದಿಯ ಎರಡು ಮರದ್ದು, ಅಲ್ಲಿಗೆ ದ್ರಾವಣ ಸರಿಯಾಗಿ ಮುಟ್ಟಿರಲಿಲ್ಲ. ಎರಡನೆಯದಕ್ಕೆ ಮೊದಲು ಕೃಷಿ ವಿಜ್ಞಾನ ಕೇಂದ್ರದವರನ್ನ ಕೇಳಿಯೇ ಮುಂದುವರಿಯುತ್ತೇನೆ. ಡಬ್ಬಿ ಕೊಳ್ಳೋದಾದರೆ ಒಳಗಿನ ಔಷಧಿಯ ಹೆಸರು ಓದಿಯೇ ಕೊಳ್ಳೋದು.

ಹೆಗಡೆ ಅಜ್ಜ, ಶಿರಸಿ:
ತಮ್ಮಾ, ನಮ್ಮ ಕೆಳಗಿನ ತೋಟದಲ್ಲೂ ನಿನ್ನೆ ನಾಲ್ಕು ಕಾಯಿ ಬಿದ್ದಿತ್ತು, ಬೂಸು ಇದೆ. ಮೊಮ್ಮಗನ ಕಾಲೇಜಿಗೆ ಕೊಟ್ಟು ಕಳಿಸ್ತೇನೆ. ಫ್ರಿಜ್ಜಿನಲ್ಲಿ ಎಷ್ಟು ಹೊತ್ತು ಅಂದ್ರಿ ಮೇಷ್ಟ್ರೇ, ಅರ್ಧ ಗಂಟೆಯೋ ಒಂದು ಗಂಟೆಯೋ?